ಎಲೆಯ ಮೇಲಿನ ಉಪ್ಪು

ಅವಳ ಬಲಗೈ ಹೆಬ್ಬೆರಳಿನ ಉಗುರು ನೆಟ್ಟಗಿರಲಿಲ್ಲ. ನಡುವೆ ತಗ್ಗಾಗಿ, ಅಂಚು ಬಿಳಿಚಿ, ಸವೆದ ಚಮಚದ ಹಾಗೆ ಚಪ್ಪಟೆಯಾಗಿತ್ತು. ಆಯುಷ್ಯಪೂರ್ತಿ ಬಂಗಡೆ ಮೀನಿನ ಕಿವಿರು ಎತ್ತಿ ನೋಡಿದ ಬೆರಳು ಅದು. ಎಷ್ಟು ಸಾಬೂನು ಹಚ್ಚಿ ತೊಳೆದರೂ ಅದರ ಉಪ್ಪಿನ ವಾಸನೆ ಹೋಗುತ್ತಿರಲಿಲ್ಲ. ಮನುಷ್ಯರನ್ನೂ ಅವಳು ಅದೇ ಬೆರಳಿನಿಂದ ಪರೀಕ್ಷೆ ಮಾಡುತ್ತಿದ್ದಳು. ನಾನು ಮದುವೆಯಾಗಿ ಹಾರವಾಡಕ್ಕೆ ಬಂದ ಮೂರನೆಯ ದಿನ ಅಂಗಳದಲ್ಲಿ ನಿಂತಿದ್ದಾಗ ಪಕ್ಕದ ಮನೆಯಿಂದ ನೆಟ್ಟಗೆ ಬಂದವಳೇ ನನ್ನ ಗಲ್ಲ ಹಿಡಿದು, ಮುಖವನ್ನು ಬಿಸಿಲಿಗೆ ತಿರುಗಿಸಿ, "ಕಣ್ಣು ತೋರ್ಸು" ಎಂದಳು. ಆಮೇಲೆ ನನ್ನ ಅತ್ತೆಯ ಕಡೆ ನೋಡಿ, "ಅಡ್ಡಿಲ್ಲ, ತಾಜಾ ಇದೆ" ಎಂದು ಹೇಳಿ ಹೊರಟುಹೋದಳು. ನನಗೆ ಸಿಟ್ಟು ನೆತ್ತಿಗೇರಿತು. ನಾನು ಮಾಜಾಳಿಯಿಂದ ಬಂದ ಸೊಸೆ, ಬುಟ್ಟಿಯಲ್ಲಿ ಬಂದ ಮೀನಲ್ಲ.

ಊರಿಗೆಲ್ಲ ಅವಳು ಮಾವಶಿ, ಎಂದರೆ ಚಿಕ್ಕಮ್ಮ. ನನಗೂ ಮಾವಶಿಯೇ ಆದಳು, ಆದರೆ ಅದಕ್ಕೆ ಎರಡು ವರ್ಷ ಹಿಡಿಯಿತು. ಅಲ್ಲಿಯವರೆಗೆ ನಾನು ಅವಳನ್ನು ಮನಸ್ಸಿನಲ್ಲಿ 'ಕಣ್ಣಿನ ಮುದುಕಿ' ಎಂದೇ ಕರೆಯುತ್ತಿದ್ದೆ.

ಮಾವಶಿಯ ಕಸುಬು ಮೀನು ಒಣಗಿಸುವುದು. ದೋಣಿಯಿಂದ ಬಂದ ಬಂಗಡೆಯ ಹೊಟ್ಟೆ ಸೀಳಿ, ಉಪ್ಪು ತುಂಬಿ, ಡ್ರಮ್ಮಿನಲ್ಲಿಟ್ಟು, ಮರುದಿನ ತೊಳೆದು, ಬಲೆಯ ಮೇಲೆ ಹರಡುತ್ತಿದ್ದಳು. ವಾರಕ್ಕೊಮ್ಮೆ ಅಂಕೋಲೆಯ ಸಂತೆಗೆ ಹೋಗಿ ಮಾರಿ ಬರುತ್ತಿದ್ದಳು. ಸಂತೆಯಲ್ಲಿ ಅವಳ ವ್ಯಾಪಾರ ವಿಚಿತ್ರ. ಯಾರಾದರೂ ಬುಟ್ಟಿಗೆ ಕೈ ಹಾಕಿದರೆ, "ಅದು ಬ್ಯಾಡ ನಿಂಗೆ, ಮಳೆ ಮೋಡದಾಗೆ ಒಣಗಿದ್ದು, ಇದು ತಕ" ಎಂದು ತಾನೇ ಬದಲಿಸಿ ಕೊಡುತ್ತಿದ್ದಳು. "ಹಾಗಾದರೆ ಆ ಕೆಟ್ಟದ್ದನ್ನು ಯಾಕೆ ತಂದೆ?" ಎಂದು ಒಮ್ಮೆ ಕೇಳಿದ್ದೆ. "ಕೇಳದವ್ರಿಗೆ ಕೊಡೂಕೆ" ಎಂದಳು. ನಕ್ಕಳೋ ಇಲ್ಲವೋ ಗೊತ್ತಾಗಲಿಲ್ಲ. ಅವಳ ನಗೆ ಮೂಗಿನಲ್ಲಿ ಶುರುವಾಗಿ ಅಲ್ಲೇ ಮುಗಿಯುತ್ತಿತ್ತು.

ನಾನು ಹೊಲಿಗೆಯವಳು. ನನ್ನ ಯಂತ್ರ ಇರುವುದು ಕಿಟಕಿಯ ಬದಿಗೆ, ಕಿಟಕಿ ಇರುವುದು ಮಾವಶಿಯ ಹಿತ್ತಲ ಕಡೆಗೆ. ಬ್ಲೌಸಿನ ಕಂಕುಳು ಹೊಲಿಯುತ್ತ ತಲೆ ಎತ್ತಿದರೆ ಕಾಣುವುದು ಒಣಗುವ ಮೀನು, ಅದರಾಚೆ ದಾಸವಾಳದ ಬೇಲಿ, ಅದರಾಚೆ ಎರಡು ತೆಂಗು. ಆ ಬೇಲಿಗೆ ಒಂದು ದೀಪಾವಳಿಯ ಮುಂದೆ ಗೋಸುಂಬೆಯೊಂದು ಬಂದು ಸೇರಿಕೊಂಡಿತು. ಗುಡ್ಡದ ಗೇರುಗಿಡಗಳಲ್ಲಿ ಇದ್ದದ್ದು ನೊಣದ ಆಸೆಗೆ ಇಳಿದು ಬಂದಿರಬೇಕು. ಮೀನು ಒಣಗುವಲ್ಲಿ ನೊಣಕ್ಕೇನು ಬರಗಾಲ?

ಕೇರಿಯಲ್ಲಿ ಗದ್ದಲವೆದ್ದಿತು. ಅದು ಕಚ್ಚಿದರೆ ಬಿಡುವುದಿಲ್ಲ, ಉಗುಳಿದರೆ ಮೈಯೆಲ್ಲ ಹುಣ್ಣು, ಮುಂಜಾನೆ ಮುಖ ನೋಡಿದರೆ ಬಲೆಗೆ ಮೀನೇ ಬೀಳುವುದಿಲ್ಲ, ಹೀಗೆ ಒಬ್ಬೊಬ್ಬರದು ಒಂದೊಂದು. ನನ್ನ ಗಂಡನೇ ಕೋಲು ಹಿಡಿದು ಹೊರಟಿದ್ದ. ಮಾವಶಿ ಬೇಲಿಗೆ ಬೆನ್ನು ಕೊಟ್ಟು ನಿಂತಳು. "ಹೊಡೆಯೂಕೆ ಬಂದವ್ರು ದಿನಾ ಇಲ್ಲಿ ಕೂತು ನನ್ನ ಬಂಗಡೆ ಮೇಲಿನ ನೊಣ ಹೊಡೀರಿ. ಆಮೇಲೆ ಇದನ್ನ ಹೊಡೀರಿ" ಎಂದಳು. ಎಲ್ಲ ವಾಪಸು ಹೋದರು.

ಅದಕ್ಕೆ ಅವಳಿಟ್ಟ ಹೆಸರು ಸಾಹೇಬರು. ಒಂದು ಹೆಜ್ಜೆ ಮುಂದಿಟ್ಟು, ಅರ್ಧ ಹಿಂದೆಗೆದು, ಮತ್ತೆ ಯೋಚಿಸಿ ಮುಂದಿಡುವ ಅದರ ನಡಿಗೆ ನೋಡಿ ಹಾಗೆ ಕರೆದಳು. "ತಾಲೂಕು ಕಚೇರಿಯಾಗೆ ನನ್ನ ಪೆನ್ಶನ್ ಕಾಗ್ದ ಹೀಂಗೇ ಹೋಗಿತ್ತು ನೋಡು" ಎನ್ನುವಳು. ಒಂದು ಕಣ್ಣು ಮೀನಿನ ಕಡೆ, ಒಂದು ಕಣ್ಣು ಆಕಾಶದ ಕಡೆ ಇಟ್ಟುಕೊಂಡು ಕೂರುವುದೂ ಸಾಹೇಬರ ಲಕ್ಷಣವೇ ಅಂತೆ. ಮನೆಯಲ್ಲಿ ಇಬ್ಬರು ಗಂಡುಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು ಎಂದು ಜಾತ್ರೆಯಂಥ ಸಂಸಾರವಿತ್ತು ಅವಳಿಗೆ. ಆದರೂ ಬೆಳಗಿನ ಮೊದಲ ಮಾತು ಸಾಹೇಬರ ಜೊತೆಗೇ. ಕಾರಣ ಕೇಳಿದರೆ, "ತಿರುಗಿ ಮಾತಾಡದವ್ರು ಈ ವಠಾರದಾಗೆ ಅದೊಂದೇ" ಎಂದಳು.

ಪಂಜರ ಗಿಂಜರ ಇಲ್ಲ. ಅದು ತನ್ನ ಪಾಡಿಗೆ ಬೇಲಿಯಲ್ಲಿ, ಇವಳು ತನ್ನ ಪಾಡಿಗೆ ಅಂಗಳದಲ್ಲಿ. ಮಾಡುತ್ತಿದ್ದ ಸೇವೆ ಒಂದೇ: ಬೆಳಿಗ್ಗೆ ಒಂದು ಚೊಂಬು ಸಿಹಿನೀರು ತಂದು, ಅಂಗಳಕ್ಕೆ ಚಿಮುಕಿಸುವ ಹಾಗೆ ಎಲೆಗಳ ಮೇಲೆ ಚಿಮುಕಿಸುವುದು. ಗೋಸುಂಬೆ ಬಟ್ಟಲಿನ ನೀರನ್ನು ಮೂಸಿಯೂ ನೋಡುವುದಿಲ್ಲ, ಎಲೆಯ ಮೇಲೆ ಹೊಳೆಯುವ ಹನಿಯನ್ನು ಮಾತ್ರ ನೆಕ್ಕುತ್ತದೆ. ಇದನ್ನು ಅವಳಿಗೆ ಯಾರೂ ಹೇಳಿಕೊಟ್ಟದ್ದಲ್ಲ. ಮಂಜು ಬಿದ್ದ ದಿನ ಅದು ಎಲೆ ನೆಕ್ಕುವುದನ್ನು ನೋಡಿ ತಿಳಿದುಕೊಂಡಿದ್ದಳು. ನೋಡುವುದರಲ್ಲಿ ಅವಳಿಗೆ ಬೇಸರ ಎಂಬುದಿರಲಿಲ್ಲ.

ಹೀಗೆ ಎರಡು ವರ್ಷ ಕಳೆಯಿತು. ಮೂರನೆಯ ವರ್ಷದ ಬೇಸಿಗೆಯಲ್ಲಿ ಮಾಜಾಳಿಗೆ ಕೊಟ್ಟ ಮಗಳ ಹೆರಿಗೆಗೆಂದು ಮಾವಶಿ ಹೊರಟಳು. ಹೊರಡುವಾಗ ಕಿಟಕಿಯ ಹತ್ತಿರ ಬಂದು, "ನಿನ್ನ ತವರಿಗೆ ಹೊಂಟೆ, ಎಂತಾದ್ರೂ ಹೇಳೂದಿತ್ತಾ?" ಎಂದು ಚೇಷ್ಟೆ ಮಾಡಿ, ಆಮೇಲೆ ದನಿ ತಗ್ಗಿಸಿ, "ಸಾಹೇಬರಿಗೆ ದಿನಾ ಒಂದು ಚೊಂಬು. ನಮ್ಮನೆಯವ್ರಿಗೆ ಹೇಳಿದ್ರೆ ಮರೀತಾರೆ. ನೀನು ನೋಡ್ಕ" ಎಂದಳು. ಇಡೀ ಕೇರಿಯಲ್ಲಿ ನನ್ನನ್ನು ನಂಬಿದಳಲ್ಲ ಎಂದು ಹೆಮ್ಮೆಯಾಯಿತು. ಹತ್ತು ದಿನದ ಕೆಲಸ, ಅದೇನು ಮಹಾ ಎಂದುಕೊಂಡೆ.

ನಾನು ಮಾಡಿದ್ದನ್ನು ಈಗ ಹೇಳಬೇಕು. ಬೇಸಿಗೆಯಲ್ಲಿ ನಮ್ಮ ಬಾವಿಗಳೆಲ್ಲ ಸವಳಾಗುತ್ತವೆ. ಸಿಹಿನೀರು ಬೇಕೆಂದರೆ ರಸ್ತೆಯಾಚೆಯ ನಲ್ಲಿಗೆ ಹೋಗಬೇಕು, ಸಣ್ಣದೊಂದು ಏರು ಹತ್ತಬೇಕು. ಮೊದಲ ಎರಡು ದಿನ ಹೋದೆ. ಮೂರನೆಯ ದಿನ ಏರಿನ ಅರ್ಧಕ್ಕೇ ಎದೆ ಡವಡವ ಹೊಡೆದುಕೊಂಡಿತು, ಕಣ್ಣು ಕತ್ತಲೆ ಬಂತು. ಕಲ್ಲಿನ ಮೇಲೆ ಕೂತು ಸುಧಾರಿಸಿಕೊಂಡು ಖಾಲಿ ಚೊಂಬಿನೊಡನೆ ವಾಪಸು ಬಂದೆ. ಬೇಲಿಯ ಪಕ್ಕದಲ್ಲೇ ನೀಲಿ ಬಕೀಟು ಇತ್ತು. ಉಪ್ಪುಮೀನು ತೊಳೆದ ಕೊನೆಯ ನೀರನ್ನು ನಮ್ಮ ಕಡೆ ಚೆಲ್ಲುವುದಿಲ್ಲ, ತೆಂಗಿನ ಬುಡಕ್ಕೆಂದು ಎತ್ತಿಡುತ್ತಾರೆ. ಮಾವಶಿಯ ಸೊಸೆಯಂದಿರು ದಿನಾ ಹಾಗೆ ತುಂಬಿಸಿ ಇಡುತ್ತಿದ್ದರು. ಕೆಸರು ಕೆಳಗೆ ಕೂತು ಮೇಲಿನ ನೀರು ತಿಳಿಯಾಗಿತ್ತು. ವಾಸನೆಯ ಮಾತಂತೂ ಬೇಡ, ಆ ಹಿತ್ತಲಲ್ಲಿ ತುಳಸಿಗೂ ಮೀನಿನ ವಾಸನೆಯೇ. ತೆಂಗಿಗೆ ಆಗುವ ನೀರು ದಾಸವಾಳಕ್ಕೆ ಯಾಕೆ ಆಗಬಾರದು, ಎಲೆ ಒದ್ದೆಯಾದರೆ ಸಾಕಲ್ಲ ಎನ್ನಿಸಿತು. ಉಪ್ಪು ಎಂದರೆ ನಮ್ಮ ಮನೆಗಳಲ್ಲಿ ಎಲ್ಲವನ್ನೂ ಕೆಡದ ಹಾಗೆ ಕಾಯುವ ವಸ್ತು. ಅದು ಯಾರಿಗಾದರೂ ಕೇಡು ಮಾಡೀತು ಎಂಬ ಯೋಚನೆಯೇ ನಮಗೆ ಬರುವುದಿಲ್ಲ. ಅಲ್ಲೇ ಮುಳುಗಿಸಿ ಅಲ್ಲೇ ಚಿಮುಕಿಸಿದೆ. ಉಳಿದ ದಿನವೂ ಹಾಗೆಯೇ ಮಾಡಿದೆ.

ನಾಲ್ಕಾರು ದಿನದಲ್ಲಿ ಸಾಹೇಬರು ಕಪ್ಪಾದರು. ಕಿಟಕಿಯಿಂದ ನೋಡಿದೆ, ಮತ್ತೆ ಹೊಲಿಗೆಗೆ ತಲೆ ಬಗ್ಗಿಸಿದೆ. ಗೋಸುಂಬೆ ಬಣ್ಣ ಬದಲಿಸಿದರೆ ಯಾರಾದರೂ ಚಿಂತೆ ಮಾಡುತ್ತಾರೆಯೇ? ಅದರ ಹುಟ್ಟುಗುಣವೇ ಅದು. ಮಾತು ತಪ್ಪಿದವರನ್ನೆಲ್ಲ ನಾವು ಬೈಯುವುದು ಅದರ ಹೆಸರಿನಿಂದಲೇ. ಹಗಲಲ್ಲಿ ಕಣ್ಣು ಮುಚ್ಚಿ ಕೂತಿದ್ದನ್ನೂ ಕಂಡೆ. ಸೆಖೆಗೆ ನನಗೇ ನಿದ್ದೆ ಬರುತ್ತದೆ, ಅದಕ್ಕೇನು ಎಂದುಕೊಂಡೆ.

ಮಾವಶಿ ಬಂದದ್ದು ಬೆಳಗಿನ ಬಸ್ಸಿಗೆ. ಕೈಯ ಚೀಲ ಕೆಳಗಿಡದೆ ಬೇಲಿಯ ಮುಂದೆ ಹೋಗಿ ನಿಂತಳು. ನಾನೂ ಓಡಿಹೋದೆ. ಅವಳು ಅದನ್ನು ಮುಟ್ಟಲಿಲ್ಲ. ಸುಮಾರು ಹೊತ್ತು ನೋಡಿದಳು.

"ಎಷ್ಟು ದಿನ ಆಯ್ತು ಹೀಂಗೆ?"

"ಬಣ್ಣ ಬದಲಿಸ್ತಾ ಇರ್ತದಲ್ಲ ಮಾವಶಿ" ಎಂದೆ.

"ಬಣ್ಣ ಯಾರು ನೋಡಂದ್ರು? ಕಣ್ಣು ನೋಡು. ಗೋಪುರದ ಹಾಂಗಿತ್ತು, ಈಗ ಹೊಂಡ ಬಿದ್ದದೆ. ಕಾಲು ನೋಡು, ಕೊಂಬೆ ಹಿಡೀಲಿಲ್ಲ, ಬರೀ ಇಟ್ಕಂಡಿದೆ. ಮೂಗಿನ ಮೇಲೆ ನೊಣ ಕೂತ್ರೂ ನಾಲ್ಗೆ ಬರೂದಿಲ್ಲ." ಕೆಳಗಿನ ಎಲೆಯೊಂದನ್ನು ತೋರಿಸಿದಳು. ಅದರ ಮೇಲೆ ಹಿಕ್ಕೆ ಬಿದ್ದಿತ್ತು. "ಇದ್ರ ತುದಿ ಬೆಳ್ಳಗೆ ಇರ್ತಿತ್ತು. ಈಗ ಅರಿಶಿನ ಆಗಿದೆ. ಇದಕ್ಕೆ ನೀರೇ ಸಿಕ್ಕಿಲ್ಲ. ನೀರು ಹಾಕಿದ್ಯ?"

"ಹಾಕಿದ್ದೆ. ದಿನಾ."

"ಯಾವ ನೀರು?"

"ನಲ್ಲಿದೇ" ಎಂದೆ. ಬಾಯಿಗೆ ಬಂದದ್ದು ಅದು. ಯಾಕೆ ಬಂತೆಂದು ಇವತ್ತಿಗೂ ನಾಚಿಕೆಯಾಗುತ್ತದೆ.

ಮಾವಶಿ ಎಲೆಯೊಂದನ್ನು ಕಿತ್ತು ನಾಲಿಗೆಗೆ ಮುಟ್ಟಿಸಿದಳು. ಆಮೇಲೆ ಇನ್ನೊಂದು ಎಲೆ ಕಿತ್ತು ನನ್ನ ಕೈಗೆ ಕೊಟ್ಟು, "ನೀನೂ ನೋಡು" ಎಂದಳು. ನೋಡಿದೆ. ನಾಲಿಗೆ ಸುಡುವಂಥ ಉಪ್ಪು. ಹನಿ ಒಣಗಿ ಒಣಗಿ ಎಲೆಯ ಮೇಲೆ ಪದರ ಕಟ್ಟಿತ್ತು. ಆ ಮೂಕಪ್ರಾಣಿ ಬಾಯಾರಿ ಬಾಯಾರಿ ಅದನ್ನೇ ನೆಕ್ಕಿತ್ತು.

"ಬಂಗಡೆನ ಸತ್ತ ಮೇಲೆ ಒಣಗಿಸ್ತೇವೆ ನಾವು" ಎಂದಳು ಮಾವಶಿ. "ಇದನ್ನ ಜೀವ ಇರೂವಾಗ್ಲೇ ಒಣಗಿಸಿಬಿಟ್ರಲ್ಲ."

ನನ್ನ ನಾಲಿಗೆಯ ಮೇಲೆ ಇನ್ನೂ ಆ ಉಪ್ಪಿತ್ತು. ಅವಳು ಕಾಯಲಿಲ್ಲ. "ಬೈಯೂಕೆ ಪುರ್ಸೊತ್ತಿಲ್ಲ ಈಗ. ಗಾಡಿ ತೆಗಿ. ಅಂಕೋಲೆಗೆ ಹೋಗ್ವ."

ಸಾಹೇಬರು ಕೂತ ಕೊಂಬೆಯನ್ನೇ ಕತ್ತರಿಸಿ, ಕೊಂಬೆ ಸಮೇತ ಮೀನಿನ ಬುಟ್ಟಿಯಲ್ಲಿಟ್ಟು, ಮೇಲೆ ನನ್ನ ಒದ್ದೆ ದುಪ್ಪಟ ಮುಚ್ಚಿದೆವು. ನಾನು ಸ್ಕೂಟರ್ ಹೊಡೆದೆ, ಅವಳು ಹಿಂದೆ ಬುಟ್ಟಿ ಹಿಡಿದು ಕೂತಳು. ಹೆದ್ದಾರಿಯಲ್ಲಿ ಯಾರೋ ಗುರುತಿನವರು, "ಮಾವಶಿ, ಎಂತ ಮೀನು?" ಎಂದು ಕೂಗಿ ಕೇಳಿದರು. "ಮಾರೂದಲ್ಲ" ಎಂದು ಅವಳೂ ಕೂಗಿ ಹೇಳಿದಳು.

ಪಶು ಆಸ್ಪತ್ರೆಯಲ್ಲಿ ಎರಡು ಕರು, ಒಂದು ನಾಯಿ ನಮಗಿಂತ ಮುಂದಿದ್ದವು. ಡಾಕ್ಟರು ಚಿಕ್ಕ ಪ್ರಾಯದವರು. ದುಪ್ಪಟ ಸರಿಸಿದ ಕೂಡಲೇ ಒಂದು ಹೆಜ್ಜೆ ಹಿಂದೆ ಸರಿದರು. "ಇದನ್ನು ಸಾಕುವ ಹಾಗಿಲ್ಲ ಅಜ್ಜಿ, ಕಾಡುಪ್ರಾಣಿ ಇದು. ಕಾನೂನು ಇದೆ" ಎಂದರು.

"ನಾನೆಲ್ಲಿ ಸಾಕಿದ್ದೆ? ಅದೇ ಬಂದು ಕೂತದೆ. ಬಾಡ್ಗೆನೂ ಕೊಡೂದಿಲ್ಲ."

ಡಾಕ್ಟರು ನಕ್ಕು ಬಗ್ಗಿ ನೋಡಿದರು. ತಾನು ಈವರೆಗೆ ದನ, ನಾಯಿ ನೋಡಿದವನು, ಗೋಸುಂಬೆ ಇದೇ ಮೊದಲು ಎಂದು ಮುಚ್ಚುಮರೆಯಿಲ್ಲದೆ ಹೇಳಿದರು. ಹಾವು ಹಲ್ಲಿಗಳ ವಿಷಯ ತಿಳಿದ ಗೆಳೆಯರೊಬ್ಬರಿಗೆ ಫೋನು ಹಚ್ಚಿ ಮಾವಶಿ ಹೇಳಿದ್ದನ್ನೆಲ್ಲ ಒಂದೊಂದಾಗಿ ಒಪ್ಪಿಸಿದರು. ಕಣ್ಣು, ಕಾಲು, ನಾಲಿಗೆ, ಹಿಕ್ಕೆಯ ಬಣ್ಣ. ಫೋನು ಇಟ್ಟು, "ನೀವು ಹೇಳಿದ್ದೇ ಸರಿ. ನೀರು ಬತ್ತಿದೆ ಮೈಯಲ್ಲಿ" ಎಂದರು. ಆ ಗೆಳೆಯರು ಹೇಳಿದ ಅಳತೆಗೆ ಸಣ್ಣ ಸೂಜಿಯಿಂದ ಚರ್ಮದ ಕೆಳಗೆ ನೀರು ಕೊಟ್ಟರು. ಬಾಯಿ ಬಿಡಿಸಿ ಏನೂ ಹಾಕಬೇಡಿ, ನೀರು ಉಸಿರಿಗೆ ಹೋಗುತ್ತದೆ. ಹನಿ ಎಲೆಯ ಮೇಲೆ ಬೀಳಲಿ, ಬೇಕಾದಾಗ ಅದೇ ಕುಡಿಯುತ್ತದೆ. ನೆರಳಿರಲಿ, ಬೆಳಗಿನ ಬಿಸಿಲು ಸ್ವಲ್ಪ ಇರಲಿ. ಎತ್ತಿ ಎತ್ತಿ ನೋಡಬೇಡಿ. ಮೂರು ದಿನದಲ್ಲಿ ಚೇತರಿಸದಿದ್ದರೆ ಅರಣ್ಯ ಇಲಾಖೆಯವರಿಗೆ ಹೇಳಿ ದೊಡ್ಡ ಆಸ್ಪತ್ರೆಗೆ ಕಳಿಸೋಣ ಎಂದರು.

ವಾಪಸು ಬರುವಾಗ ಹೆದ್ದಾರಿ ಬಿಟ್ಟು ಊರಿನ ರಸ್ತೆಗೆ ಇಳಿದ ಮೇಲೆ ನನಗೆ ತಡೆಯಲಾಗಲಿಲ್ಲ. ಗಾಡಿ ನಿಲ್ಲಿಸಿದೆ. "ಮಾವಶಿ, ನಾನು ಆ ನೀಲಿ ಬಕೀಟಿನ ನೀರು ಹಾಕಿದ್ದು. ನಲ್ಲಿದಲ್ಲ. ಸುಳ್ಳು ಹೇಳಿದೆ."

"ಗೊತ್ತಿದೆ. ಗಾಡಿ ಹೊಡಿ, ಬಿಸ್ಲು."

ಮನೆಗೆ ಬಂದು ಬೇಲಿಯ ಎಲೆಗಳನ್ನೆಲ್ಲ ಸಿಹಿನೀರಿನಲ್ಲಿ ತೊಳೆದೆವು. ಒಂದೊಂದೇ ಎಲೆ. ಸೊಸೆಯಂದಿರು ನೀರು ಹೊತ್ತರು, ನನ್ನ ಗಂಡನೂ ಹೊತ್ತ, ಒಂದು ಕಾಲಕ್ಕೆ ಕೋಲು ಹಿಡಿದು ಬಂದವನೇ. ನನ್ನನ್ನು ಮಾತ್ರ ಮಾವಶಿ ಏರಿಗೆ ಬಿಡಲಿಲ್ಲ. "ನೀನು ದಾರ ತಕ ಬಾ" ಎಂದಳು. ಮಡಕೆಯ ಬಾಯಿಯಿಂದ ನನ್ನ ದಪ್ಪ ಹೊಲಿಗೆ ದಾರವನ್ನು ಬತ್ತಿಯ ಹಾಗೆ ಇಳಿಬಿಟ್ಟು, ತುದಿಯಿಂದ ಹನಿ ಹನಿಯಾಗಿ ಎಲೆಯ ಮೇಲೆ ಬೀಳುವಂತೆ ಕಟ್ಟಿದಳು. ಕೆಳಗೆ ಸಾಹೇಬರ ಕೊಂಬೆ ಸಿಕ್ಕಿಸಿದಳು. ಆಮೇಲೆ ಇಬ್ಬರೂ ನನ್ನ ಕಿಟಕಿಯ ಬಳಿ ಕೂತು ಕಾದೆವು.

ಮೊದಲ ದಿನ ಏನೂ ಆಗಲಿಲ್ಲ. ಹನಿ ಬೀಳುತ್ತಿತ್ತು, ಅದು ಕಣ್ಣು ಮುಚ್ಚಿ ಕೂತಿತ್ತು. ನಾನು ಆ ದಿನ ಹೊಲಿದ ಬ್ಲೌಸಿನ ಎರಡು ತೋಳೂ ಎಡದವೇ ಆದವು. ಅದೇನಾದರೂ ಸತ್ತರೆ ಈ ಕಿಟಕಿಯನ್ನು ಮತ್ತೆ ತೆರೆಯಲಾರೆ ಎನ್ನಿಸುತ್ತಿತ್ತು. ಎರಡನೆಯ ದಿನ ಮಧ್ಯಾಹ್ನ ಒಂದು ಕಣ್ಣು ತೆರೆಯಿತು, ಸುತ್ತ ಹೊರಳಿತು, ಮತ್ತೆ ಮುಚ್ಚಿತು. "ಹಾಜರಿ ಹಾಕಿದ್ರು" ಎಂದಳು ಮಾವಶಿ. ಸಂಜೆ ಹೊತ್ತಿಗೆ ಕತ್ತು ಚಾಚಿ ಹನಿ ನೆಕ್ಕಿತು. ಒಂದು, ಎರಡು, ಆಮೇಲೆ ಬಿಡುವಿಲ್ಲದೆ. ಮೂರನೆಯ ದಿನ ಬೆಳಿಗ್ಗೆ ಮೈ ಹಸಿರಾಗಿತ್ತು, ಕಾಲುಗಳು ಕೊಂಬೆಯನ್ನು ಇಕ್ಕಳದ ಹಾಗೆ ಹಿಡಿದಿದ್ದವು. ನೋಡನೋಡುತ್ತಿದ್ದಂತೆ ಸರ್ರನೆ ನಾಲಿಗೆ ಹೊರಬಂದು ಒಂದು ನೊಣ ಮಾಯವಾಯಿತು. ನಾನು ಅತ್ತುಬಿಟ್ಟೆ.

ಮಾವಶಿ ಅಳಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು ನನ್ನ ಕಡೆ ತಿರುಗಿದಳು. "ಅದ್ರದ್ದು ಆಯ್ತು. ಈಗ ನಿಂದು. ಕಣ್ಣು ತೋರ್ಸು."

ಆ ಉಪ್ಪಿನ ಹೆಬ್ಬೆರಳು ನನ್ನ ಕೆಳರೆಪ್ಪೆಯನ್ನು ಕೆಳಗೆ ಎಳೆಯಿತು. ಬಂದ ಮೊದಲ ವಾರದ ಹಾಗೆ ನನಗೆ ಸಿಟ್ಟು ಬರಲಿಲ್ಲ, ಭಯವಾಯಿತು.

"ಒಳಗೆ ಕೆಂಪೇ ಇಲ್ಲ" ಎಂದಳು. "ನೀನು ಮೈಗಳ್ಳಿ ಅಲ್ಲ. ದಿನವಿಡೀ ಮಶಿನ್ ತುಳೀತಿ. ಇಷ್ಟೇ ದೂರದ ನಲ್ಲಿಗೆ ಹೋಗೂಕೆ ಯಾಕೆ ಆಗ್ಲಿಲ್ಲ ನಿಂಗೆ? ನಾನು ಗಾಡಿ ಮೇಲೆ ಕೂತಾಗಿಂದ ಅದನ್ನೇ ಯೋಚ್ನೆ ಮಾಡ್ತಿದ್ದೆ."

ಆಗ ಹೇಳಿದೆ. ಏಳೆಂಟು ತಿಂಗಳಿಂದ ಮುಟ್ಟು ಬಂದರೆ ನಿಲ್ಲುತ್ತಿರಲಿಲ್ಲ. ಗಂಡನಿಗೆ ಹೇಳಿರಲಿಲ್ಲ, ಅತ್ತೆಗೂ ಹೇಳಿರಲಿಲ್ಲ. ಪ್ರಾಯಕ್ಕೆ ಹೀಗೆಲ್ಲ ಆಗುತ್ತದೆ ಎಂದುಕೊಂಡು, ಏರು ಕಂಡರೆ ದಾರಿ ಬದಲಿಸಿ, ಕೂತಲ್ಲೇ ಕೆಲಸ ಹುಡುಕಿಕೊಂಡು ದಿನ ದೂಡುತ್ತಿದ್ದೆ. ನನ್ನ ಬಿಳಿಚಿದ ಮುಖ ನೋಡಿ ಊರವರು, "ಹೊಲಿಗೆಯವಳು ನೆರಳಿನಾಗೆ ಕೂತು ಬೆಳ್ಳಗಾಗಿದ್ದಾಳೆ" ಎನ್ನುತ್ತಿದ್ದರು. ನಾನೂ ಅದನ್ನೇ ನಂಬಿದ್ದೆ. ಬಣ್ಣ ನೋಡಿ ಮೋಸಹೋಗುವುದು ಗೋಸುಂಬೆಯ ವಿಷಯದಲ್ಲಿ ಮಾತ್ರವೇನಲ್ಲ.

ಮರುದಿನ ಮಾವಶಿಯೇ ನನ್ನನ್ನು ಕಾರವಾರದ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಅದು ಸಂತೆಯ ದಿನ, ಬುಟ್ಟಿ ಮನೆಯಲ್ಲೇ ಉಳಿಯಿತು. ರಕ್ತ ಪರೀಕ್ಷೆಯ ಚೀಟಿ ನೋಡಿ ಡಾಕ್ಟರಮ್ಮ, "ನಡೆದುಕೊಂಡು ಬಂದ್ರಾ ನೀವು?" ಎಂದು ಎರಡು ಸಲ ಕೇಳಿದರು. ಗರ್ಭಕೋಶದಲ್ಲಿ ಗಡ್ಡೆಯಿತ್ತು. ಮೈಗೆ ರಕ್ತ ಏರಿಸಿದರು, ಕೆಲವು ವಾರದ ಮೇಲೆ ಗಡ್ಡೆ ತೆಗೆದರು. ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಎಂದು ನನ್ನ ಗಂಡನಿಗೆ ಹೇಳಿದರಂತೆ. ನನಗೆ ಹೇಳಿದ್ದು ಅವನಲ್ಲ, ಮಾವಶಿ. "ಸಾಹೇಬರು ಬಾಯಾರಿದ್ದಕ್ಕೆ ನೀನು ಉಳಿದಿ" ಎಂದಳು. ನನ್ನ ತಪ್ಪಿನ ಬಗ್ಗೆ ಆಮೇಲೆ ಅವಳು ಕಡೆಯವರೆಗೆ ಆಡಿದ ಮಾತು ಅದೊಂದೇ. ನೀಲಿ ಬಕೀಟನ್ನು ಮಾತ್ರ ತೆಂಗಿನ ಆಚೆ ಬದಿಗೆ ಸಾಗಿಸಿದ್ದಳು.

ಸಾಹೇಬರು ಆಮೇಲೆ ಎರಡು ಮಳೆಗಾಲ ಇದ್ದರು. ಒಂದು ಆಶ್ವಿನದಲ್ಲಿ ಬೇಲಿ ಖಾಲಿಯಾಗಿತ್ತು. ನಾನು ಗಿಡ ಗಿಡ ಹುಡುಕುತ್ತಿದ್ದರೆ ಮಾವಶಿ ಬಂಗಡೆ ತಿರುವಿ ಹಾಕುತ್ತ, "ಹುಡುಕಬ್ಯಾಡ. ವರ್ಗ ಆಯ್ತು ಅವ್ರಿಗೆ" ಎಂದಳು. ಅವಳ ದನಿ ಸ್ವಲ್ಪ ಒಡೆದಿತ್ತು, ನಾನು ಕೇಳಿಸದವಳಂತೆ ಇದ್ದೆ.

ಕಡೆಯ ವರ್ಷ ಅವಳು ಸಂತೆಗೆ ಹೋಗುವುದನ್ನು ಬಿಟ್ಟಳು. ಆಗ ಪಾಳಿ ನನ್ನದಾಯಿತು. ದಿನಾ ಬೆಳಿಗ್ಗೆ ಹೋಗಿ ಅವಳ ಗಲ್ಲ ಹಿಡಿದು, "ಕಣ್ಣು ತೋರಿಸು ಮಾವಶಿ" ಎನ್ನುತ್ತಿದ್ದೆ. ಅವಳು ಮಗುವಿನ ಹಾಗೆ ಬೆಳಕಿಗೆ ಮುಖ ಮಾಡುತ್ತಿದ್ದಳು. ಕಾಲು ಬಾತಾಗ, ಉಸಿರು ಸಣ್ಣದಾದಾಗ ನಾನೇ ಮೊದಲು ನೋಡಿ ಮಕ್ಕಳಿಗೆ ಹೇಳಿದೆ, ಡಾಕ್ಟರ ಬಳಿ ಕಳಿಸಿದೆ. ಅದರಿಂದ ನಾಲ್ಕು ತಿಂಗಳು ಹೆಚ್ಚು ಸಿಕ್ಕಿತೇನೋ. ಒಂದು ದಿನ ರೆಪ್ಪೆ ಎಳೆದು ನೋಡುತ್ತಿದ್ದಾಗ ಮೂಗಿನಲ್ಲೇ ನಕ್ಕು, "ಎಷ್ಟು ನೋಡ್ತಿ? ಇದು ಇನ್ನು ಹಸಿಯಾಗಿ ಮಾರೂಕಾಗೂದಿಲ್ಲ ಮಾರಾಯ್ತಿ, ಒಣಗಿಸೂದೇ" ಎಂದಳು. ನಾವಿಬ್ಬರೂ ನಕ್ಕೆವು. ಅದೇ ವಾರ, ಬೆಳಗಿನ ಚಹಾ ಕುಡಿದು ಗೋಡೆಗೆ ಒರಗಿದವಳು ಹಾಗೆಯೇ ಹೋದಳು. ಹೆಬ್ಬೆರಳಿಗೆ ಅವತ್ತೂ ಉಪ್ಪಿನ ವಾಸನೆಯಿತ್ತು. ನಾನು ಮೂಸಿ ನೋಡಿದೆ.

ಈಗ ನನ್ನ ಬಳಿ ಅಳತೆ ಕೊಡಲು ಬರುವ ಹೆಂಗಸರ ಎದೆ ಸೊಂಟಕ್ಕೆ ಮೊದಲು ನಾನು ಕಣ್ಣು ನೋಡುತ್ತೇನೆ. ಕೆಲವರಿಗೆ ಸಿಟ್ಟು ಬರುತ್ತದೆ, ಬರಲಿ. ಇಬ್ಬರನ್ನು ಕಾರವಾರಕ್ಕೆ ಓಡಿಸಿದ್ದೇನೆ. ಈ ದೀಪಾವಳಿಯ ಹೊತ್ತಿಗೆ ದಾಸವಾಳದ ಬೇಲಿಗೆ ಬೆರಳುದ್ದದ ಹೊಸ ಸಾಹೇಬರು ಬಂದು ಚಾರ್ಜು ತೆಗೆದುಕೊಂಡಿದ್ದಾರೆ. ದಿನಾ ಏರು ಹತ್ತಿ ನಲ್ಲಿಯಿಂದ ಒಂದು ಚೊಂಬು ನೀರು ತರುತ್ತೇನೆ. ಬೇಲಿಯ ಮುಂದೆ ನಿಂತು ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿಕೊಳ್ಳುತ್ತೇನೆ. ಸಪ್ಪೆ ಇದೆ ಎಂದು ಖಾತ್ರಿಯಾದ ಮೇಲೆಯೇ ಎಲೆಗೆ ಚಿಮುಕಿಸುವುದು.